ಡಿಪಾಸಿಟ್ ಏಜೆಂಟರ ಕೈಯಲ್ಲಿ ಸಿಕ್ಕಿಕೊಂಡಿದೆಯೇ? ಬಿಡಿಸಿಕೊಳ್ಳುವುದು ಹೀಗೆ

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಗಳ ಆಸುಪಾಸು, ಜೇವರ್ಗಿ ರಸ್ತೆ, ರಿಂಗ್ ರೋಡಿನಾಚೆಯ ಹೊಸ ಲೇಔಟ್‌ಗಳಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರಲ್ಲಿ ಎಷ್ಟೋ ಮಂದಿ ಊರಲ್ಲೇ ಇರುವುದಿಲ್ಲ. ಮಾಲಕರು ಹೈದರಾಬಾದಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುತ್ತಾರೆ, ಮನೆ ನೋಡಿಕೊಳ್ಳುವುದು ಏಜೆಂಟರು. ಬಾಡಿಗೆ ತಿಂಗಳು ತಿಂಗಳು ಬರುತ್ತಿರುತ್ತದೆ; ಡಿಪಾಸಿಟ್ ಮಾತ್ರ ಏಜೆಂಟರ ಹತ್ತಿರವೇ ಉಳಿದಿರುತ್ತದೆ. ಕೇಳಿದರೆ ಸಿಗುವ ಉತ್ತರ ಒಂದೇ: "ಕಾಕಾ, ರೊಕ್ಕ ಎಲ್ಲಿಗಿ ಹೋಗ್ತಾವ್ರಿ? ಹೊಸಾ ಪಾರ್ಟಿ ಬಂದ ಕೂಡ್ಲೆ ಕೊಡ್ತೀನಿ."

ಗುಟ್ಟು ಇರುವುದು ಆ 'ಹೊಸಾ ಪಾರ್ಟಿ'ಯಲ್ಲೇ. ಹಳೆಯ ಬಾಡಿಗೆದಾರರ ಹಣ ಎಂದೋ ಯಾವುದೋ ಪ್ಲಾಟಿನ ವ್ಯವಹಾರಕ್ಕೆ ಹೋಗಿರುತ್ತದೆ. ಹೊಸಬರಿಂದ ಬಂದದ್ದನ್ನು ಹಳಬರಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು, ಅಂದರೆ ಇವರ ಟೋಪಿ ಅವರಿಗೆ. ಮನೆ ಎರಡು ತಿಂಗಳು ಖಾಲಿ ಬಿದ್ದಾಗಲೇ ಬಣ್ಣ ಬಯಲಾಗುವುದು. ಅಷ್ಟು ಹೊತ್ತಿಗೆ ಬಾಡಿಗೆದಾರರು ಸಾಮಾನು ಕಟ್ಟಿ ನಿಮಗೆ ಫೋನ್ ಮಾಡುತ್ತಿರುತ್ತಾರೆ.

1. ಕಾಗದ ಕೂಡಿಸಿ

ಕರಾರು ಪತ್ರ, ರಸೀದಿ, ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್. ಫೋನ್‌ಪೇ ಸ್ಕ್ರೀನ್‌ಶಾಟ್ ಒಂದನ್ನೇ ನಂಬಬೇಡಿ, ಸ್ಟೇಟ್‌ಮೆಂಟಿನಲ್ಲಿರುವ ಯುಟಿಆರ್ ನಂಬರ್ (ಆ ಹಣ ವರ್ಗಾವಣೆಯ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ನಗದಾಗಿ ಕೊಟ್ಟಿದ್ದರೆ ಯಾರಿಗೆ, ಯಾವಾಗ, ಯಾರ ಎದುರು ಎಂದು ಬಾಡಿಗೆದಾರರಿಂದ ಬರೆಸಿಕೊಂಡು ಸಹಿ ಪಡೆಯಿರಿ. ಹಾಗೆಯೇ, ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕರಾರು ಪತ್ರವನ್ನು ಓದದೆ ಸಹಿ ಹಾಕುವ ಚಾಳಿ ಬಿಡಿ. ಕಲಬುರಗಿಯ ಮನೆಯ ವ್ಯಾಜ್ಯವನ್ನು 'ಬೆಂಗಳೂರಿನ ನ್ಯಾಯಾಲಯದಲ್ಲಿ ಮಾತ್ರ' ಎಂದು ಬರೆದಿರುವ ಪತ್ರಗಳನ್ನು ನಾನು ಕಂಡಿದ್ದೇನೆ.

2. ಬಾಡಿಗೆದಾರರನ್ನು ಏಜೆಂಟರ ಮನೆಗೆ ಅಟ್ಟಬೇಡಿ

"ನನ್ ಕೈಯಾಗ ರೊಕ್ಕ ಬಂದಿಲ್ಲ, ಅಂವ್ನ ಕೇಳ್ರಿ" ಎಂದು ಮಾಲಕರು ಕೈಚೆಲ್ಲುವುದನ್ನು ಪದೇ ಪದೇ ನೋಡುತ್ತೇನೆ. ಇದು ನಿಲ್ಲುವ ವಾದವಲ್ಲ. ಮನೆ ತೋರಿಸಲು, ಬಾಡಿಗೆ ವಸೂಲು ಮಾಡಲು, ಕರಾರು ಬರೆಸಲು ಏಜೆಂಟರನ್ನು ಮುಂದೆ ಬಿಟ್ಟವರು ನೀವೇ. ಇವರಿಗೆ ಅಧಿಕಾರವಿದೆ ಎಂದು ಎದುರಿನವರು ನಂಬುವ ಹಾಗೆ ಮಾಲಕರೇ ನಡೆದುಕೊಂಡಿದ್ದರೆ ಏಜೆಂಟರು ಮಾಡಿದ್ದಕ್ಕೆ ಮಾಲಕರು ಬದ್ಧರು. 1872ರ ಭಾರತೀಯ ಕರಾರು ಕಾಯ್ದೆಯ 237ನೇ ಕಲಂ ಹೇಳುವುದು ಇದನ್ನೇ. ಆದ್ದರಿಂದ ಬಾಡಿಗೆದಾರರ ಲೆಕ್ಕ ಬೇರೆ, ಏಜೆಂಟರ ಲೆಕ್ಕ ಬೇರೆ. ಮೊದಲನೆಯದನ್ನು ನೀವು ತೀರಿಸಿ, ಎರಡನೆಯದನ್ನು ನೀವು ವಸೂಲು ಮಾಡಿ. ನಿಷ್ಠುರವಾಗಿ ಕೇಳಿಸಬಹುದು, ಆದರೆ ಬಾಡಿಗೆಗಿರುವ ನರ್ಸಿಂಗ್ ಓದುವ ಮಕ್ಕಳನ್ನು ತಿಂಗಳುಗಟ್ಟಲೆ ಅಲೆದಾಡಿಸುವುದು ಸರಿಯಲ್ಲ.

3. ಲೆಕ್ಕ ಕೇಳುವ ಪತ್ರ

ಬಹಳ ಜನ ಎಡವುವುದು ಇಲ್ಲಿ. ಫೋನಿನಲ್ಲಿ ಬೈದಾಡುತ್ತಾರೆ, ವಾಟ್ಸಾಪಿನಲ್ಲಿ ಶಾಪ ಹಾಕುತ್ತಾರೆ, ಕಡೆಗೆ ಹತ್ತು ಸಾವಿರ ನಗದು ಸಿಕ್ಕರೆ ಸಾಕೆಂದು ಸುಮ್ಮನಾಗುತ್ತಾರೆ. ಬೈಗುಳ ಬೇಡ, ಸಣ್ಣ ಪತ್ರ ಸಾಕು. ಮಾಲಕರು ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು ಏಜೆಂಟರ ಕರ್ತವ್ಯ (ಅದೇ ಕರಾರು ಕಾಯ್ದೆಯ 213ನೇ ಕಲಂ), ಮಾಲಕರ ಪರವಾಗಿ ಬಂದ ಹಣವನ್ನು ಮಾಲಕರಿಗೆ ಸಲ್ಲಿಸುವುದೂ ಅವರ ಕರ್ತವ್ಯ (218ನೇ ಕಲಂ). ಬಾಡಿಗೆ 9,000, ಡಿಪಾಸಿಟ್ 40,000 ಎಂದಿಟ್ಟುಕೊಂಡರೆ ಪತ್ರ ಇಷ್ಟೇ:

"ಸೇಡಂ ರಸ್ತೆಯ ನನ್ನ ಮನೆಯ ಬಾಡಿಗೆದಾರರಿಂದ ಇಂಥ ದಿನ ನೀವು ನನ್ನ ಪರವಾಗಿ ಡಿಪಾಸಿಟ್ ರೂ. 40,000 ಪಡೆದಿದ್ದೀರಿ. ಈ ಪತ್ರ ತಲುಪಿದ 10 ದಿನದೊಳಗೆ ಅದರ ಲೆಕ್ಕ ಕೊಟ್ಟು, ಹಣವನ್ನು ಕೆಳಗಿನ ಖಾತೆಗೆ ಜಮಾ ಮಾಡಿ. ನಿಮಗೆ ದಲಾಲಿ ಬಾಕಿ ಇದ್ದರೆ, ನೀವು ಖರ್ಚು ಮಾಡಿದ್ದಿದ್ದರೆ ರಸೀದಿ ಸಹಿತ ತೋರಿಸಿ. ಇಂದಿನಿಂದ ನನ್ನ ಪರವಾಗಿ ಬಾಡಿಗೆ ಅಥವಾ ಡಿಪಾಸಿಟ್ ಪಡೆಯುವ ಅಧಿಕಾರ ನಿಮಗೆ ಇರುವುದಿಲ್ಲ."

'ನನ್ನ ಪರವಾಗಿ' ಎಂಬುದನ್ನು ಬಿಡಬೇಡಿ. ಅದಿಲ್ಲದಿದ್ದರೆ ನಾಳೆ ಅದನ್ನು ಬಾಡಿಗೆದಾರರಿಂದ ಪಡೆದ ಕೈಗಡ ಎಂದು ಹೇಳಲು ಅವಕಾಶವಾಗುತ್ತದೆ. ದಲಾಲಿಯ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ತಮಗೆ ಬರಬೇಕಾದ ದಲಾಲಿಯನ್ನೂ ಸರಿಯಾದ ಖರ್ಚನ್ನೂ ಹಿಡಿದುಕೊಳ್ಳುವ ಹಕ್ಕು ಏಜೆಂಟರಿಗೆ ಕಾಯ್ದೆಯಲ್ಲೇ ಇದೆ. ನೀವೇ ಮೊದಲು ಕೇಳಿದರೆ ಆ ನೆಪ ಅಲ್ಲಿಗೇ ಮುಗಿಯುತ್ತದೆ. ಕೊನೆಯ ಸಾಲು ಬಾಡಿಗೆದಾರರಿಗೂ ಗೊತ್ತಾಗಬೇಕು. ಅಧಿಕಾರ ಹಿಂಪಡೆದದ್ದು ಅವರಿಗೆ ತಿಳಿಯುವವರೆಗೂ ಅವರು ಏಜೆಂಟರಿಗೆ ಕೊಟ್ಟ ಬಾಡಿಗೆ ನಿಮಗೆ ಕೊಟ್ಟಂತೆಯೇ. ಅದೇ ದಿನ ಅವರಿಗೂ ಒಂದು ಪ್ರತಿ ಕಳಿಸಿ.

ಪತ್ರವನ್ನು ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ (ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರೊಳಗೇ ಸೇರಿಹೋಯಿತು), ವಾಟ್ಸಾಪಿಗೂ ಹಾಕಿ. ಉತ್ತರವಾಗಿ "ಮುಂದಿನ ತಿಂಗಳು ಕೊಡ್ತೀನ್ರಿ" ಎಂದು ಬಂದರೂ ಅಳಿಸಬೇಡಿ. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ. ಆ ಮಿತಿಯೊಳಗೆ ಬಾಕಿ ಒಪ್ಪಿಕೊಂಡು ಸಹಿ ಮಾಡಿಕೊಟ್ಟರೆ ಅಲ್ಲಿಂದ ಹೊಸದಾಗಿ ಎಣಿಕೆ.

ಒಂದು ಚೀಟಿಗೆ ಮಾತ್ರ ಸಹಿ ಹಾಕಬೇಡಿ: 'ಲೆಕ್ಕ ಚುಕ್ತಾ.' ಭಾಗಶಃ ಹಣ ಕೊಡುವಾಗ ಅದನ್ನು ಮುಂದೆ ಹಿಡಿಯುತ್ತಾರೆ. 'ಇಷ್ಟು ಬಂದಿದೆ, ಇಷ್ಟು ಬಾಕಿ' ಎಂದು ಬರೆದೇ ಸಹಿ ಹಾಕಿ.

4. ಮನೆಯನ್ನು ಬಾಡಿಗೆದಾರರ ಜತೆಯೇ ನೋಡಿ

ಏಜೆಂಟರ ಪಟ್ಟಿಯಲ್ಲಿ 'ಪೇಂಟಿಂಗ್ 15,000' ಎಂದು ಇದ್ದೇ ಇರುತ್ತದೆ, ಬಿಲ್ಲು ಇರುವುದಿಲ್ಲ. ಸಹಜ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಹಾಗೆನ್ನುತ್ತದೆ. ನಮ್ಮ ಬಿಸಿಲಿಗೆ ಬಣ್ಣ ಮಾಸಿದ್ದು ನಿಮ್ಮ ಖರ್ಚು. ಆದರೆ ಕೂಲರ್ ಕೂರಿಸಿದ್ದ ಕಿಟಕಿಯ ಕೆಳಗಿನ ಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಬೋರ್ ನೀರಿನ ಬಿಳಿ ಉಪ್ಪು ಬೆರಳಿಗೆ ಹತ್ತಿದರೆ ನೀರು ಗಿಲಾವಿನೊಳಕ್ಕೇ ಇಳಿದಿದೆ. ಮೇಲೆ ಬಣ್ಣ ಹೊಡೆದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದು ಬಾಡಿಗೆದಾರರ ಖರ್ಚು. ಅಷ್ಟು ಜಾಗವನ್ನು ಕೆತ್ತಿಸಿ ಗಿಲಾವು ಮಾಡಿಸಿದ ಮೇಸ್ತ್ರಿಯ ಲೆಕ್ಕ ಮಾತ್ರ ಹಿಡಿಯಿರಿ, ಇಡೀ ಮನೆಯ ಬಣ್ಣದ್ದಲ್ಲ. ಶಹಾಬಾದ್ ಕಲ್ಲಿನ ನೆಲದ ಎಣ್ಣೆ ಕಲೆಗೆ ಆ್ಯಸಿಡ್ ಹಾಕಲು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಸುಣ್ಣಕಲ್ಲು, ಕಲೆಗಿಂತ ಮೊದಲು ಕಲ್ಲೇ ಹೋಗುತ್ತದೆ.

ಜೆಸ್ಕಾಂ ಮೀಟರಿನ ಫೋಟೊ ತೆಗೆಯಿರಿ. ಗೃಹಜ್ಯೋತಿಗೆ ಕೊಟ್ಟ ಆಧಾರ್ ಜೋಡಣೆಯನ್ನು ಬಾಡಿಗೆದಾರರು ಹೊರಡುವ ಮೊದಲೇ ತೆಗೆಸಿ. ಇಲ್ಲದಿದ್ದರೆ ಹೊಸಬರು ಅದೇ ಆರ್‌.ಆರ್. ನಂಬರಿಗೆ ಅರ್ಜಿ ಹಾಕಲು ತೊಂದರೆ.

5. ಏಜೆಂಟರು ಚೆಕ್ ಕೊಟ್ಟರೆ

ತೆಗೆದುಕೊಳ್ಳಿ. ಆದರೆ "ನಾ ಹೇಳೋ ತನಕ ಹಾಕಬ್ಯಾಡ್ರಿ" ಎಂಬ ಮಾತಿಗೆ ಮಣಿಯಬೇಡಿ, ಚೆಕ್ಕಿನ ಆಯುಷ್ಯ ಮೂರು ತಿಂಗಳು. ಬೌನ್ಸ್ ಆದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಅದು ತಲುಪಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಈ ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

6. ಆಗಲೂ ಬಗ್ಗದಿದ್ದರೆ

ಮೊದಲ ದಿನವೇ ಠಾಣೆಗೆ ಓಡಿದರೆ 'ಇದು ಸಿವಿಲ್ ಮ್ಯಾಟರ್' ಎಂದು ವಾಪಸ್ ಕಳಿಸುವ ಸಂಭವವೇ ಹೆಚ್ಚು. ಪತ್ರ, ತಲುಪಿದ ದಾಖಲೆ, ಸ್ಟೇಟ್‌ಮೆಂಟ್ ಜತೆಗಿದ್ದರೆ ಮಾತು ಬೇರೆ. ನಂಬಿ ಕೊಟ್ಟ ಹಣವನ್ನು ಸ್ವಂತಕ್ಕೆ ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂನಡಿ ನಂಬಿಕೆ ದ್ರೋಹ. ನನ್ನ ಸಲಹೆ ಕೇಳಿದರೆ ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಮನೆ ಹೆಂಡತಿಯ ಅಥವಾ ತಾಯಿಯ ಹೆಸರಿನಲ್ಲಿದ್ದರೆ ಅರ್ಜಿಯನ್ನು ಅವರಿಂದಲೇ ಕೊಡಿಸಿ, ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

7. ಮುಂದಿನ ಬಾಡಿಗೆದಾರರಿಗೆ

ಡಿಪಾಸಿಟ್ ಬಾಡಿಗೆದಾರರ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಲಿ, ಆ ಖಾತೆ ನಂಬರ್ ಕರಾರಿನಲ್ಲೇ ಇರಲಿ. ಏಜೆಂಟರು ಸಾಕ್ಷಿಯಾಗಿ ಸಹಿ ಹಾಕಲಿ. ಅವರ ದಲಾಲಿಯನ್ನು ಅದೇ ದಿನ ಬೇರೆಯಾಗಿ ಕೊಟ್ಟು ರಸೀದಿ ಪಡೆಯಿರಿ, ಡಿಪಾಸಿಟ್ಟಿನಲ್ಲೇ ಮುರಿದುಕೊಳ್ಳಲು ಬಿಡಬೇಡಿ.