ಚೆನ್ನೈ ಕಂಪನಿಯ ಸಾಲ, ದಾವಣಗೆರೆಯ ಕಟ್ಟಡ: ಅಡಮಾನ ಗಟ್ಟಿ ಮಾಡಿದ ನನ್ನ ಅನುಭವ

ಹೊರರಾಜ್ಯದ ಹಣಕಾಸು ಕಂಪನಿಗಳಿಗಾಗಿ ಕರ್ನಾಟಕದ ಆಸ್ತಿಗಳ ದಾಖಲೆ ಪರಿಶೀಲಿಸಿ, ಅಡಮಾನದ ಕಾಗದಪತ್ರ ಸಿದ್ಧಪಡಿಸುವ ಕೆಲಸವನ್ನು ನಾನು ಹದಿನೆಂಟು ವರ್ಷಗಳಿಂದ ಮಾಡುತ್ತಿದ್ದೇನೆ. ಹಕ್ಕುಪತ್ರ ಠೇವಣಿಯ ಮೆಮೊರಾಂಡಮ್ಮನ್ನು, ಅಂದರೆ ಸಾಲಕ್ಕೆ ಭದ್ರತೆಯಾಗಿ ಆಸ್ತಿಯ ಮೂಲಪತ್ರ ಒಪ್ಪಿಸಿದ್ದನ್ನು ದಾಖಲಿಸುವ ಪತ್ರವನ್ನು, ಆಸ್ತಿ ಇರುವ ಊರಿನಲ್ಲೇ ನೋಂದಾಯಿಸಬೇಕೆಂದು ನಾನು 2017ರಲ್ಲಿ ಹಟ ಹಿಡಿದಾಗ ಸಾಲ ಕೊಡುವ ಕಂಪನಿಯ ಚೆನ್ನೈ ಮುಖ್ಯ ಕಚೇರಿಯವರು ಒಪ್ಪಲಿಲ್ಲ. ನಮ್ಮ ವಕೀಲರ ಸಂಘದ ಹಿರಿಯರೊಬ್ಬರು, "ಕಾನೂನೇ ಕೇಳದ ಖರ್ಚನ್ನು ನೀವೇಕೆ ಮೈಮೇಲೆ ಎಳೆದುಕೊಳ್ಳುತ್ತೀರಿ?" ಎಂದು ನಕ್ಕರು. ಅವರ ಮಾತು ತಪ್ಪಾಗಿರಲಿಲ್ಲ. ಬರೀ ಠೇವಣಿಯಿಂದ ಹುಟ್ಟುವ ಅಡಮಾನಕ್ಕೆ ನೋಂದಣಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2013ರ ನವೀರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಆದರೆ ಅಷ್ಟು ಹೊತ್ತಿಗಾಗಲೇ ನನ್ನ ಕೈ ಒಮ್ಮೆ ಸುಟ್ಟಿತ್ತು.

ಅದು 2012ರ ಸಾಲ. ದಾವಣಗೆರೆಯ ವಾಣಿಜ್ಯ ಕಟ್ಟಡವೊಂದರ ಮೇಲೆ ಸುಮಾರು 35 ಲಕ್ಷ. ಸಾಲಗಾರರನ್ನು ಚೆನ್ನೈಗೆ ಕರೆಸಿ, ಅಲ್ಲಿಯೇ ಮೂಲ ಕ್ರಯಪತ್ರವನ್ನು ಪಡೆದು, ನೂರು ರೂಪಾಯಿಯ ತಮಿಳುನಾಡು ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರು. ಆಸ್ತಿ ವರ್ಗಾವಣೆ ಕಾಯ್ದೆಯ 58(ಎಫ್) ಪ್ರಕಾರ ಮದ್ರಾಸಿನಲ್ಲಿ ಠೇವಣಿ ಇಡಬಹುದು, ಆಸ್ತಿ ಬೇರೆ ರಾಜ್ಯದಲ್ಲಿದ್ದರೂ ಅಡ್ಡಿಯಿಲ್ಲ. ಅಲ್ಲಿಯವರೆಗೆ ಎಲ್ಲವೂ ಸರಿ. ಮೂರು ವರ್ಷದ ಬಳಿಕ ಸಾಲಗಾರರು ಮೂಲಪತ್ರ ಕಳೆದುಹೋಗಿದೆಯೆಂದು ಪೊಲೀಸರಿಗೆ ದೂರು ಕೊಟ್ಟು, ದೃಢೀಕೃತ ನಕಲು ತೆಗೆದು, ಸ್ಥಳೀಯ ಸಹಕಾರ ಸಂಘವೊಂದಕ್ಕೆ ಅದೇ ಕಟ್ಟಡವನ್ನು ನೋಂದಾಯಿತ ಅಡಮಾನ ಮಾಡಿಕೊಟ್ಟರು. ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ನಮ್ಮ ಸಾಲದ ಸುಳಿವೇ ಇರಲಿಲ್ಲವಾದ್ದರಿಂದ ಸಂಘದವರನ್ನು ದೂರುವಂತೆಯೂ ಇರಲಿಲ್ಲ.

ನೋಂದಣಿ ಕಾಯ್ದೆಯ 48ನೇ ಕಲಮಿನ ಪರಂತುಕ (ಅದಕ್ಕೆ ಸೇರಿಸಿದ ವಿನಾಯಿತಿ) ನಮ್ಮ ಪರವಾಗಿತ್ತು. ಮೊದಲು ಆದ ಠೇವಣಿ ಅಡಮಾನವು ನಂತರದ ನೋಂದಾಯಿತ ಅಡಮಾನಕ್ಕಿಂತ ಮೇಲು. ಕೈಕೊಟ್ಟಿದ್ದು ಒಂದೇ ಒಂದು ಕ್ರಿಯಾಪದ. "ಈ ಪತ್ರದ ಮೂಲಕ ಹಕ್ಕುಪತ್ರಗಳನ್ನು ಠೇವಣಿ ಇಟ್ಟು ಅಡಮಾನ ಮಾಡಿಕೊಡುತ್ತೇನೆ" ಎಂಬರ್ಥದ ವಾಕ್ಯ ಚೆನ್ನೈನಲ್ಲಿ ಸಹಿಯಾದ ಆ ಛಾಪಾ ಕಾಗದದಲ್ಲಿತ್ತು. ಅಂದರೆ ಅಡಮಾನವನ್ನು ಸೃಷ್ಟಿಸಿದ್ದು ಆ ಕಾಗದವೇ ಎಂದಾಯಿತು. ಹಾಗಾದರೆ 17ನೇ ಕಲಮಿನಡಿ ನೋಂದಣಿ ಕಡ್ಡಾಯ. ಅದೇ ವಾಕ್ಯ "ನಿನ್ನೆಯ ದಿನ ಠೇವಣಿ ಇಟ್ಟಿರುತ್ತೇನೆ" ಎಂದಿದ್ದರೆ ಅದು ಬರೀ ನೆನಪೋಲೆಯಾಗಿ ಉಳಿಯುತ್ತಿತ್ತು. ಸಾಲದ್ದಕ್ಕೆ ಕರ್ನಾಟಕದ ಛಾಪಾ ಶುಲ್ಕವನ್ನೂ ಕಟ್ಟಿರಲಿಲ್ಲ. ಹತ್ತು ಪಟ್ಟು ದಂಡ ತೆತ್ತರೆ ಛಾಪಾ ದೋಷ ಕಳೆಯುತ್ತದೆ, ನೋಂದಣಿಯ ದೋಷ ಕಳೆಯುವುದಿಲ್ಲ.

ಇದರ ಮೇಲೆ "ವ್ಯಾಜ್ಯಗಳು ಚೆನ್ನೈ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ" ಎಂಬ ಷರತ್ತನ್ನು ನಂಬಿ ಕಂಪನಿ ಅಲ್ಲಿಯೇ ದಾವೆ ಹೂಡಿತ್ತು. ಅಡಮಾನದ ದಾವೆ ಆಸ್ತಿ ಇರುವಲ್ಲಿಯೇ ನಡೆಯಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಂ ಹೇಳುತ್ತದೆ, ಅದನ್ನು ಕರಾರಿನಿಂದ ಬದಲಿಸಲಾಗದು. ಹದಿನಾಲ್ಕು ತಿಂಗಳ ನಂತರ ವಾದಪತ್ರ ಹಿಂದಿರುಗಿತು. ಕೊನೆಗೆ ಸಂಘದವರೊಂದಿಗೆ ಕೂತು ರಾಜಿಯಾದಾಗ ಕೈಗೆ ಬಂದದ್ದು 20 ಲಕ್ಷದ ಆಸುಪಾಸು. ಓಡಾಟ, ಕೋರ್ಟ್ ಶುಲ್ಕ, ಫೀಸು ಎಂದು ಅದರಲ್ಲಿ ನಾಲ್ಕು ಲಕ್ಷ ಕರಗಿತ್ತು. ನನ್ನ ಕೊನೆಯ ಬಿಲ್ಲು ಇಂದಿಗೂ ಬಾಕಿ.

ಆಮೇಲೆ ನಾನು ಹಿಡಿದ ದಾರಿ ಇಷ್ಟೇ. ಮೊದಲ ದಿನ ಸಾಲಗಾರರನ್ನು ಬೆಂಗಳೂರಿನ ಶಾಖೆಗೆ ಕರೆಸಿ ಮೂಲಪತ್ರಗಳನ್ನು ಅವರ ಕೈಯಿಂದಲೇ ಪಡೆಯುವುದು. ಬೆಂಗಳೂರು ಇಂಥ ಠೇವಣಿಗೆ ಸರ್ಕಾರ ಅಧಿಸೂಚಿಸಿದ ಪಟ್ಟಣವಾದ್ದರಿಂದ ಠೇವಣಿಯ ಜಾಗದ ಬಗ್ಗೆ ತಕರಾರು ಬರುವುದಿಲ್ಲ. ರಾತ್ರಿ ಬಸ್ಸಿಗೆ ದಾವಣಗೆರೆ. ಮರುದಿನ ಭೂತಕಾಲದಲ್ಲಿ ಬರೆದ ಮೆಮೊರಾಂಡಮ್ಮಿಗೆ ಕರ್ನಾಟಕದ ಪೂರ್ತಿ ಶುಲ್ಕ ಕಟ್ಟಿ, ಆಸ್ತಿ ಇರುವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು. ವಾರದೊಳಗೆ ನಮೂನೆ 15ರ ಇ.ಸಿ. ತೆಗೆದು, ಕಂಪನಿಯ ಹೆಸರು ಅದರಲ್ಲಿ ಮೂಡಿದ್ದನ್ನು ಕಣ್ಣಾರೆ ನೋಡಿದ ಮೇಲೆ ಹಣ ಬಿಡುಗಡೆ. ಸರ್ಸಾಯಿ (ಅಡಮಾನಗಳ ಕೇಂದ್ರೀಯ ದಾಖಲಾತಿ) ನೋಂದಣಿಯನ್ನೂ ಆಗಲೇ ಮುಗಿಸುತ್ತೇನೆ. 2020ರ ಜನವರಿಯಿಂದ ಅದಿಲ್ಲದೆ ಸರ್ಫೇಸಿ ಕಾಯ್ದೆಯ ವಸೂಲಾತಿ ಅಧಿಕಾರ, ಅಂದರೆ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆಯುವ ಅಧಿಕಾರ, ಬಳಸಲು ಬರುವುದಿಲ್ಲ. ಮೆಮೊರಾಂಡಮ್ಮಿನಲ್ಲಿ ಇನ್ನೆರಡು ಸಾಲು ಸೇರಿಸುತ್ತೇನೆ. ಅವು ನನ್ನ ಹೊಟ್ಟೆಪಾಡಿನವು, ಇಲ್ಲಿ ಬರೆಯುವುದಿಲ್ಲ.

ನಡುವೆ ಖರ್ಚು ಉಳಿಸುವ ಪ್ರಯೋಗವೊಂದನ್ನೂ ಮಾಡಿದೆ. ಹೊರರಾಜ್ಯದಲ್ಲಿ ಸಹಿಯಾದ ಪತ್ರಕ್ಕೆ ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಶುಲ್ಕ ಕಟ್ಟಬಹುದಲ್ಲವೇ? ನಾಲ್ಕು ಸಾಲಗಳಲ್ಲಿ ಚೆನ್ನೈನಲ್ಲೇ ಸಹಿ ಮಾಡಿಸಿ, ಪತ್ರ ಬಂದ ದಿನಕ್ಕೆ ಸಾಕ್ಷಿಯಾಗಿ ಕೊರಿಯರ್ ಲಕೋಟೆಯನ್ನೂ ಕಡತಕ್ಕೆ ಹೊಲಿಸಿಟ್ಟೆ. ಮೂರು ಪಾರಾದವು. ನಾಲ್ಕನೆಯದನ್ನು ಕಂಪನಿಯ ಅಧಿಕಾರಿಯೊಬ್ಬರು ಕೈಯಲ್ಲೇ ತಂದು, ಯಾವಾಗ ತಂದೆನೆಂಬುದನ್ನೇ ಮರೆತರು. ಅಲ್ಲಿಗೆ ಆ ಪ್ರಯೋಗವನ್ನು ಕೈಬಿಟ್ಟೆ.

ಇ.ಸಿ.ಯಲ್ಲಿ ಸಾಲ ಕಾಣಿಸುತ್ತದೆಂದು ಗಿರಾಕಿಗಳು ಬೇರೆಡೆ ಹೋಗುತ್ತಾರೆ ಎಂಬುದು ಕಂಪನಿಯ ಇನ್ನೊಂದು ಆಕ್ಷೇಪವಾಗಿತ್ತು. ಮೊದಲ ವರ್ಷ ಹತ್ತರಲ್ಲಿ ಇಬ್ಬರು ಮೂವರು ಹೋದದ್ದು ನಿಜ. ಹೋದವರ ಪೈಕಿ ಒಬ್ಬರ ಆಸ್ತಿಯ ಮೇಲೆ ಆಗಲೇ ಎರಡು ಕಡೆ ಸಾಲವಿತ್ತೆಂಬುದು ಆಮೇಲೆ ತಿಳಿದು, ಆಕ್ಷೇಪ ತಣ್ಣಗಾಯಿತು.

ವಿಧಾನ ಪರೀಕ್ಷೆಗೆ ಬಿದ್ದದ್ದು 2019ರ ಒಂದು ಸಾಲದಲ್ಲಿ, ಸುಮಾರು 40 ಲಕ್ಷ. ಕಂತು ನಿಂತಾಗ ಅದೃಷ್ಟವೂ ಜೊತೆಗಿತ್ತು: ನೂರು ಕೋಟಿಗೆ ಮೇಲ್ಪಟ್ಟ ಆಸ್ತಿಯಿರುವ ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ) ಸರ್ಫೇಸಿ ಬಳಸಲು ಬೇಕಾದ ಸಾಲದ ಕನಿಷ್ಠ ಮಿತಿಯನ್ನು ಕೇಂದ್ರವು 2021ರ ಫೆಬ್ರುವರಿಯಲ್ಲಿ 50 ಲಕ್ಷದಿಂದ 20 ಲಕ್ಷಕ್ಕೆ ಇಳಿಸಿತ್ತು. ಸರ್ಫೇಸಿಯ 13(2)ರ ಅರವತ್ತು ದಿನದ ನೋಟಿಸ್ ಕೊಟ್ಟೆವು. ಸಾಲಗಾರರು ಎರಡು ತಕರಾರು ತೆಗೆದರು. ಕಟ್ಟಡವನ್ನು ತಮ್ಮ ದಾಯಾದಿಗೆ ಮಾರುವ ಕರಾರಾಗಿದೆ ಎಂಬುದು ಒಂದು. ಕರಾರಿನ ತಾರೀಖು ನಮ್ಮ ನೋಂದಣಿಯ ನಂತರದ್ದಾದ್ದರಿಂದ, ಇ.ಸಿ.ಯ ಒಂದು ಹಾಳೆಯಿಂದಲೇ ಅದು ಮುಗಿಯಿತು. ಹೊರರಾಜ್ಯದ ಕಂಪನಿಗೆ ಕರ್ನಾಟಕದ ಲೇವಾದೇವಿ ಪರವಾನಗಿ ಇಲ್ಲ ಎಂಬುದು ಇನ್ನೊಂದು. ಆರ್‌ಬಿಐ ನೋಂದಣಿಯಿರುವ ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆ ಅನ್ವಯಿಸುವುದಿಲ್ಲವೆಂದು 2022ರ ಮೇ 10ರಂದು ಸುಪ್ರೀಂ ಕೋರ್ಟ್ ನೆಡುಂಪಿಳ್ಳಿ ಫೈನಾನ್ಸ್ ಪ್ರಕರಣದಲ್ಲಿ ಹೇಳಿತ್ತು. ಅಲ್ಲಿದ್ದದ್ದು ಕೇರಳ ಮತ್ತು ಗುಜರಾತಿನ ಕಾಯ್ದೆಗಳು. ಆದರೆ ತೀರ್ಪು ನಿಂತಿರುವುದು ಎನ್‌ಬಿಎಫ್‌ಸಿಗಳನ್ನು ನಿಯಂತ್ರಿಸುವ ಆರ್‌ಬಿಐ ಕಾಯ್ದೆಯ ಅಧ್ಯಾಯ 3ಬಿ ಮೇಲಾದ್ದರಿಂದ ನಮಗೂ ಅದು ಒದಗಿತು. ಆರ್‌ಬಿಐ ನೋಂದಣಿಯಿಲ್ಲದ ಸಂಸ್ಥೆಗಳು ಈ ತೀರ್ಪನ್ನು ತಮಗೂ ಆಸರೆಯೆಂದು ತಿಳಿಯಬಾರದು. 2024ರಲ್ಲಿ ಕಟ್ಟಡ ನಮ್ಮ ಸ್ವಾಧೀನಕ್ಕೆ ಬಂತು. ಹರಾಜಿಗೆ ಮೊದಲೇ ಸಾಲಗಾರರು ಅಸಲು ಪೂರ್ತಿಯನ್ನೂ ಬಡ್ಡಿಯ ಮುಕ್ಕಾಲು ಪಾಲನ್ನೂ ತಂದುಕಟ್ಟಿದರು. ನಕ್ಕಿದ್ದ ಹಿರಿಯರು ಕಳೆದ ವರ್ಷ ನನ್ನ ಕರಡಿನ ಪ್ರತಿ ಕೇಳಿ ಪಡೆದರು; ಆ ಎರಡು ಸಾಲುಗಳನ್ನು ತೆಗೆದು ಕೊಟ್ಟೆ.

ಸಾಲ ತೀರಿದ ಮೇಲೆ ಅಡಮಾನ ಬಿಡುಗಡೆ ಮಾಡುವ ತೊಡಕು ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ಸಾಲ ತೀರಿದ 30 ದಿನಗಳೊಳಗೆ ಮೂಲಪತ್ರ ಹಿಂದಿರುಗಿಸಿ ಋಣಭಾರ ತೆಗೆಸಬೇಕು, ತಡ ತನ್ನದಾದರೆ ಕಂಪನಿ ದಿನಕ್ಕೆ 5,000 ರೂಪಾಯಿ ಕೊಡಬೇಕೆಂಬ ಆರ್‌ಬಿಐ ಸೂಚನೆ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಚೆನ್ನೈನಿಂದ ನೋಟರಿ ಮಾಡಿಸಿ ಕಳುಹಿಸಿದ ಮುಖ್ತ್ಯಾರುನಾಮೆಯ (ಪವರ್ ಆಫ್ ಅಟಾರ್ನಿ) ಮೇಲೆ ಬಿಡುಗಡೆ ಪತ್ರ ಹಾಜರುಪಡಿಸಲು ಹೋದಾಗ ಸಬ್‌ರಿಜಿಸ್ಟ್ರಾರ್ ಅದನ್ನು ಹಿಂದಿರುಗಿಸಿದರು. ನೋಂದಣಿ ಕಾಯ್ದೆಯ 33ನೇ ಕಲಮಿನ ಪ್ರಕಾರ ಮುಖ್ತ್ಯಾರುನಾಮೆಯನ್ನು ಅದನ್ನು ಕೊಡುವವರ ಊರಿನ ಸಬ್‌ರಿಜಿಸ್ಟ್ರಾರರೇ ದೃಢೀಕರಿಸಿರಬೇಕು. ಹಾಗೆ ಮಾಡಿಸಿ, ಬೆಂಗಳೂರು ಶಾಖೆಯ ಒಬ್ಬ ಅಧಿಕಾರಿಯ ಹೆಸರಿಗೆ ಅಧಿಕಾರ ಕೊಡಿಸಿದೆ. ಆ ಅಧಿಕಾರಿಗೆ ಕಳೆದ ತಿಂಗಳು ವರ್ಗವಾಗಿದೆ. ಹೊಸ ಮುಖ್ತ್ಯಾರುನಾಮೆಗಾಗಿ ಈ ವಾರ ನಾನು ಮತ್ತೆ ಚೆನ್ನೈಗೆ ಹೊರಟಿದ್ದೇನೆ.