ಸ್ಟ್ಯಾಟ್ಸ್ ಮೇಜಿನಿಂದ ಎಸಿಸಿ ಮಹಿಳಾ ಟೂರ್ನಿ: ನನ್ನ ಅನುಭವ

ಬಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿರುವಾಗಲೇ ಫೋನಿಗೆ ಬಾಕ್ಸ್ ಸ್ಕೋರ್ ಬರುತ್ತದಲ್ಲ, ಯಾರಿಗೆ ಎಷ್ಟು ಪಾಯಿಂಟು, ಎಷ್ಟು ರಿಬೌಂಡು (ತಪ್ಪಿದ ಹೊಡೆತದ ಚೆಂಡು ಹಿಡಿದದ್ದು), ಎಷ್ಟು ಅಸಿಸ್ಟು (ಬುಟ್ಟಿಗೆ ದಾರಿ ಮಾಡಿದ ಪಾಸು) ಅಂತ, ಅದೆಲ್ಲ ಕಂಪ್ಯೂಟರ್ ತಾನೇ ಲೆಕ್ಕ ಹಾಕುತ್ತದೆ ಅಂದುಕೊಂಡವರು ತುಂಬ ಜನ. ಹಾಗೇನಿಲ್ಲ. ಕೋರ್ಟಿನ ಅಂಚಿಗೆ ಒಂದು ಮೇಜು ಹಾಕಿಕೊಂಡು ಮೂರ್ನಾಲ್ಕು ಜನ ಕೂತು ಮಾಡುವ ಕೆಲಸ ಅದು. ಆ ಮೇಜಿನಲ್ಲಿ ನನ್ನದು ಕಾಲರ್ ಕೆಲಸ, ಅಂದರೆ ಆಟದಲ್ಲಿ ಆದದ್ದನ್ನೆಲ್ಲ ಕೂಗಿ ಹೇಳುವವಳು. ಕಣ್ಣು ಆಟದ ಮೇಲೆ, ಬಾಯಿ ಒಂದೇ ಸಮನೆ ಮಾತಾಡುತ್ತಿರಬೇಕು. ಪಕ್ಕದಲ್ಲಿ ಕೂತವರು ತಲೆ ಎತ್ತುವುದೇ ಇಲ್ಲ, ನಾನು ಹೇಳಿದ್ದನ್ನು ಟೈಪ್ ಮಾಡುತ್ತಾ ಹೋಗುತ್ತಾರೆ. ಇನ್ನೊಬ್ಬರು ಬರೀ ಸಬ್‌ಸ್ಟಿಟ್ಯೂಷನ್ ನೋಡಿಕೊಳ್ಳುತ್ತಾರೆ.

ನಾನು ಮೈಸೂರಿನಲ್ಲಿ ಆಡುತ್ತಿದ್ದಾಗ ಸ್ಕೋರ್ ಶೀಟ್ ಅಂದರೆ ಕಾಗದ, ಎರಡು ಬಣ್ಣದ ಪೆನ್ನು. ಬುಟ್ಟಿಗೆ ಬಿದ್ದರೆ ಅಂಕಿಯ ಮೇಲೆ ಅಡ್ಡಗೀಟು, ಫೌಲಿಗೆ ಸಿಗುವ ಫ್ರೀ ಥ್ರೋ ಆದರೆ ಚುಕ್ಕೆ, ಮೂರು ಪಾಯಿಂಟ್ ಆದರೆ ಆಟಗಾರ್ತಿಯ ನಂಬರಿಗೆ ಸುತ್ತು. ಒಂದನೇ ಮತ್ತು ಮೂರನೇ ಕ್ವಾರ್ಟರ್ ಕೆಂಪು ಶಾಯಿ, ಉಳಿದೆರಡು ನೀಲಿ. ಆ ಶಿಸ್ತು ಇಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾಕ್ಕೆ ಬಂದ ಮೇಲೆ ತುಂಬ ಉಪಯೋಗಕ್ಕೆ ಬಂತು. ಹೈಸ್ಕೂಲ್ ಪಂದ್ಯಗಳಿಂದ ಶುರು ಮಾಡಿ, ಆಮೇಲೆ ಸಣ್ಣ ಕಾಲೇಜುಗಳು, ಕೊನೆಗೆ ಎಸಿಸಿ ಟೂರ್ನಿ ನಡೆಯುತ್ತಿದ್ದ ಗ್ರೀನ್ಸ್‌ಬರೊ.

ಎಸಿಸಿ ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್. ಸೀಸನ್ನಿನ ಹೆಚ್ಚಿನ ಪಂದ್ಯಗಳನ್ನು ತಮ್ಮತಮ್ಮಲ್ಲೇ ಆಡುವ ವಿಶ್ವವಿದ್ಯಾಲಯಗಳ ಗುಂಪು. 2024ರಲ್ಲಿ ಸ್ಟ್ಯಾನ್‌ಫರ್ಡ್, ಕ್ಯಾಲ್, ಎಸ್‌ಎಂಯು ಸೇರಿ ಈಗ 18 ಆಗಿವೆ, ಅಟ್ಲಾಂಟಿಕ್ ಅನ್ನೋ ಹೆಸರಿದ್ದರೂ ಕ್ಯಾಲಿಫೋರ್ನಿಯಾದಿಂದಲೂ ಹುಡುಗಿಯರು ಬರುತ್ತಾರೆ. 2025ರ ಟೂರ್ನಿಗೆ ಅದರಲ್ಲಿ 15 ತಂಡಗಳಿಗೆ ಮಾತ್ರ ಜಾಗ. ಬುಧವಾರದಿಂದ ಭಾನುವಾರದವರೆಗೆ 14 ಪಂದ್ಯ, ಸೋತವರು ಮನೆಗೆ. ಮೊದಲ ನಾಲ್ಕು ಸ್ಥಾನದವರು ನೇರ ಶುಕ್ರವಾರದ ಕ್ವಾರ್ಟರ್ ಫೈನಲ್‌ಗೆ ಇಳಿಯುತ್ತಾರೆ, ತೀರಾ ಕೆಳಗಿನವರು ಬುಧವಾರದಿಂದಲೇ ಒದ್ದಾಡಬೇಕು. ಗೆದ್ದವರಿಗೆ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ 68 ತಂಡಗಳ ಟೂರ್ನಿಗೆ ನೇರ ಪ್ರವೇಶ. ಅದೇ ವರ್ಷದಿಂದ ಮಹಿಳಾ ತಂಡಗಳು ಅಲ್ಲಿ ಆಡಿದ್ದಕ್ಕೆ ಕಾನ್ಫರೆನ್ಸಿಗೆ ದುಡ್ಡೂ ಬರುವ ಹಾಗಾಯಿತು. ಹುಡುಗರಿಗೆ ಎಷ್ಟೋ ವರ್ಷದಿಂದ ಇದ್ದದ್ದು ಹುಡುಗಿಯರಿಗೆ ಬರಲು 2025 ಆಗಬೇಕಾಯಿತು. ನನಗೆ ಇದು ಈಗಲೂ ಹೊಟ್ಟೆ ಉರಿಸುವ ವಿಷಯ.

ಇರಲಿ, ಕೆಲಸಕ್ಕೆ ಬರೋಣ. ಕೂಗಿ ಹೇಳುವುದಕ್ಕೆ ಒಂದು ಕ್ರಮ ಇದೆ. ನಂಬರ್ ಮೊದಲು, ಆಮೇಲೆ ಏನು ಮಾಡಿದಳು, ಆಮೇಲೆ ಏನಾಯಿತು. ‘ಟ್ವೆಂಟಿ ಒನ್, ತ್ರೀ, ಮಿಸ್. ವೈಟ್ ಟ್ವೆಲ್ವ್, ರಿಬೌಂಡ್.’ 21ನೇ ನಂಬರಿನವಳು ಮೂರು ಪಾಯಿಂಟಿಗೆ ಹೊಡೆದು ತಪ್ಪಿದಳು, ಬಿಳಿ ಜರ್ಸಿಯ 12 ಚೆಂಡು ಹಿಡಿದಳು ಅಂತ. ಅಷ್ಟೇ. ‘ಅಬ್ಬಾ’ ಅನ್ನುವ ಹಾಗಿಲ್ಲ, ಹೆಸರು ಹೇಳುವ ಹಾಗಿಲ್ಲ. ಮುಂಚೆ ಕಾಲೇಜು ಜರ್ಸಿಯ ನಂಬರಿನಲ್ಲಿ 0ಯಿಂದ 5ರವರೆಗಿನ ಅಂಕಿ ಮಾತ್ರ ಇರುತ್ತಿದ್ದವು, ಅಂಪೈರ್ ಬೆರಳಲ್ಲಿ ತೋರಿಸಬೇಕಲ್ಲ, ಅದಕ್ಕೆ. 2023-24ರಿಂದ 0ಯಿಂದ 99ರವರೆಗೆ ಯಾವುದಾದರೂ ಹಾಕಬಹುದು. ಕಾಲರ್‌ಗಳಿಗೆ ಇದರಿಂದ ಕೆಲಸ ಜಾಸ್ತಿ ಆಯಿತು. ಸುತ್ತ ಕಿರುಚಾಟ ಇರುವಾಗ ಫಿಫ್ಟೀನ್ ಯಾವುದು ಸಿಕ್ಸ್‌ಟೀನ್ ಯಾವುದು ಗೊತ್ತಾಗುವುದಿಲ್ಲ, ಹಾಗಾಗಿ ನಾವು ‘ಒನ್ ಫೈವ್’, ‘ಒನ್ ಸಿಕ್ಸ್’ ಅಂತ ಬಿಡಿಸಿ ಹೇಳಿಕೊಳ್ಳುವುದು ಅಂತ ಪಂದ್ಯಕ್ಕೆ ಮುಂಚೆಯೇ ಮಾತಾಡಿಕೊಳ್ಳುತ್ತೇವೆ.

ಕಷ್ಟ ಇರುವುದು ಬುಟ್ಟಿಗೆ ಬಿದ್ದ ಚೆಂಡಿನಲ್ಲಿ ಅಲ್ಲ. ಅದನ್ನು ಇಡೀ ಊರು ನೋಡಿರುತ್ತದೆ. ಕಷ್ಟ ಇರುವುದು ಬುಟ್ಟಿಯ ಕೆಳಗೆ. ಚೆಂಡು ಬುಟ್ಟಿಯ ಕಬ್ಬಿಣದ ಬಳೆಗೆ ತಾಗಿ ಮೇಲೆ ಹಾರಿದೆ, ಐದಾರು ಕೈ ಮೇಲಿವೆ, ಒಬ್ಬಳು ಬೆರಳ ತುದಿಯಿಂದ ತನ್ನ ತಂಡದ ಗೆಳತಿಯ ಕಡೆಗೆ ತಟ್ಟಿದಳು. ಬೇಕಂತಲೇ ಗೆಳತಿಗೆ ತಟ್ಟಿ, ಗೆಳತಿ ಹಿಡಿದರೆ ರಿಬೌಂಡು ತಟ್ಟಿದವಳಿಗೆ. ಸುಮ್ನೆ ಕೈಗೆ ತಾಗಿ ಹೋಗಿದ್ದರೆ ಹಿಡಿದವಳಿಗೆ. ಯಾರ ಹಿಡಿತಕ್ಕೂ ಸಿಗದೆ ಹೊರಗೆ ಹೋದರೆ ತಂಡದ ಲೆಕ್ಕಕ್ಕೆ. ಎದುರಿನವಳು ಕೈಯಿಂದ ತಡೆದ, ಅಂದರೆ ಬ್ಲಾಕ್ ಆದ ಹೊಡೆತವೂ ಮಿಸ್ ಅಂತಲೇ ಲೆಕ್ಕ, ಅದಕ್ಕೂ ಒಂದು ರಿಬೌಂಡ್ ಇರಲೇಬೇಕು. ಹೊಡೆಯುವಾಗ ಫೌಲ್ ಆಗಿ ಚೆಂಡು ಬೀಳದಿದ್ದರೆ ಅದು ಪ್ರಯತ್ನ ಅಂತಲೇ ಎಣಿಸುವುದಿಲ್ಲ. ಇಷ್ಟನ್ನೂ ತೀರ್ಮಾನಿಸುವ ಹೊತ್ತಿಗೆ ಚೆಂಡು ಆ ತುದಿಗೆ ಹೋಗಿರುತ್ತದೆ.

ಅಸಿಸ್ಟ್ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಪಾಸ್ ಕೊಟ್ಟ ಮಾತ್ರಕ್ಕೆ ಅಸಿಸ್ಟ್ ಅಲ್ಲ, ಆ ಪಾಸಿನಿಂದಲೇ ಬುಟ್ಟಿ ಬಂದಿರಬೇಕು. ತಗೊಂಡವಳು ನಿಂತು, ಎದುರಿನವಳನ್ನು ತಾನೇ ಏಮಾರಿಸಿ, ಆಮೇಲೆ ಹೊಡೆದರೆ ಅದು ಅವಳ ದುಡಿಮೆ, ಅಲ್ವಾ? ಹಾಫ್ ಟೈಮಿನಲ್ಲಿ ತಂಡದ ಕಡೆಯವರು ಬಂದು ‘ನಮ್ಮ ಹುಡುಗಿಗೆ ಒಂದು ರಿಬೌಂಡ್ ಕಮ್ಮಿ ಬಂದಿದೆ’ ಅನ್ನುವುದು ಉಂಟು. ಕೇಳುವುದು ಅವರ ಹಕ್ಕು. ವಿಡಿಯೊ ನೋಡುತ್ತೇವೆ, ಇದ್ದರೆ ಸೇರಿಸುತ್ತೇವೆ, ಇಲ್ಲದಿದ್ದರೆ ಯಾರೇ ಕೇಳಿದರೂ ಇಲ್ಲ.

ಲೆಕ್ಕ ಸರಿ ಇದೆಯಾ ಅಂತ ನೋಡಲು ನಾನು ಪ್ರತಿ ಕ್ವಾರ್ಟರ್ ಆದ ಮೇಲೆ ಮಾಡುವುದು ಒಂದೇ. ಎರಡೂ ತಂಡದ ತಪ್ಪಿದ ಹೊಡೆತಗಳನ್ನು, ತಪ್ಪಿದ ಫ್ರೀ ಥ್ರೋ ಸೇರಿಸಿ, ಕೂಡುತ್ತೇನೆ. ಎರಡೂ ತಂಡದ ರಿಬೌಂಡ್‌ಗಳನ್ನು, ತಂಡದ ಲೆಕ್ಕದ್ದು ಮತ್ತು ಡೆಡ್ ಬಾಲ್ (ಆಟ ನಿಂತಿದ್ದಾಗಿನದು) ಸೇರಿಸಿ, ಕೂಡುತ್ತೇನೆ. ಎರಡೂ ಒಂದೇ ಬರಬೇಕು. ಬರದಿದ್ದರೆ ಎಲ್ಲೋ ಒಂದು ಬಿಟ್ಟುಹೋಗಿದೆ ಅಂತ ಅರ್ಥ, ಮುಂದಿನ ಟೈಮ್ ಔಟ್‌ನಲ್ಲಿ ಹುಡುಕಬೇಕು.

ಶುಕ್ರವಾರವೇ ಅತಿ ಕಷ್ಟದ ದಿನ. ನಾಲ್ಕು ಕ್ವಾರ್ಟರ್ ಫೈನಲ್, ಬೆಳಗ್ಗೆಯಿಂದ ರಾತ್ರಿವರೆಗೆ. ನಾವು ಪಾಳಿ ಹಾಕಿಕೊಳ್ಳುತ್ತೇವೆ, ಆದರೂ ಗಂಟಲು ಕಟ್ಟುತ್ತದೆ. ನಾನು ಫ್ಲಾಸ್ಕಿನಲ್ಲಿ ಬಿಸಿನೀರಿಗೆ ಜೀರಿಗೆ, ಶುಂಠಿ ಹಾಕಿ ತಗೊಂಡು ಹೋಗುತ್ತೇನೆ. ಟಿವಿ ಜಾಹೀರಾತಿಗೆಂದು ಆಟ ನಿಲ್ಲಿಸುವ ಮೀಡಿಯಾ ಟೈಮ್ ಔಟ್ ಅಂದರೆ ನಮಗೆ ಬಿಡುವಲ್ಲ, ಆಗಲೇ ಇಬ್ಬರು ಮೂವರು ಒಟ್ಟಿಗೆ ಬದಲಾಗಿಬಿಡುತ್ತಾರೆ. ಆಟ ಮತ್ತೆ ಶುರುವಾಗುವ ಮೊದಲು ಕೋರ್ಟಿನಲ್ಲಿರುವ ಹತ್ತೂ ನಂಬರ್ ಜೋರಾಗಿ ಓದಿ, ಸ್ಕ್ರೀನಿನ ಜೊತೆ ತಾಳೆ ನೋಡುತ್ತೇನೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳುವವರಿಗೆ 2025ರ ಫೈನಲ್ ನೆನಪಿಸುತ್ತೇನೆ. ಡ್ಯೂಕ್ 76-62ರಿಂದ ಎನ್‌ಸಿ ಸ್ಟೇಟ್ ತಂಡವನ್ನು ಸೋಲಿಸಿತು, 2013ರ ನಂತರ ಅವರಿಗೆ ಅದೇ ಮೊದಲ ಎಸಿಸಿ ಪ್ರಶಸ್ತಿ. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಆದದ್ದು ಒಲುಚಿ ಒಕನನ್ವಾ, ಬೆಂಚಿನಿಂದ ಎದ್ದು ಬಂದು ಆಡಿದ ಹುಡುಗಿ. ಬೆಂಚಿನಿಂದ ಬರುವವಳಿಗೆ ಆಟ ಶುರುವಾಗುವಾಗ ಹೆಸರು ಕೂಗುವುದಿಲ್ಲ, ದೀಪ ಆರಿಸಿ ಸ್ವಾಗತ ಮಾಡುವುದಿಲ್ಲ. ಕಿತ್ತುಕೊಂಡ ಒಂದೊಂದು ಚೆಂಡೂ ಅವಳ ಲೆಕ್ಕಕ್ಕೆ ಸೇರಿದರೆ ತಾನೇ ಆಮೇಲೆ ಶೀಟ್ ನೋಡಿದವರಿಗೆ ಅವಳು ಕಾಣುವುದು.

ಈ ಕೆಲಸ ಕಲಿಯಬೇಕು ಅನ್ನುವವರು ಇಲ್ಲಿಗೇ ಬರಬೇಕಾಗಿಲ್ಲ. ಮಲ್ಲೇಶ್ವರದಲ್ಲೋ ಮಂಡ್ಯದಲ್ಲೋ ಒಂದು ಕಾಲೇಜು ಪಂದ್ಯಕ್ಕೆ ಹೋಗಿ, ಗೆಳತಿಯೊಬ್ಬಳ ಕೈಗೆ ನೋಟ್‌ಬುಕ್ ಕೊಟ್ಟು ಕೂರಿ. ಮೊದಲ ಕ್ವಾರ್ಟರ್ ಬರೀ ಮಿಸ್ ಮತ್ತು ರಿಬೌಂಡ್ ಕೂಗಿ ಹೇಳಿ. ಅದು ಕೈ ಹತ್ತಿದ ಮೇಲೆ ಟರ್ನೋವರ್ (ಚೆಂಡು ಕಳೆದುಕೊಂಡದ್ದು), ಸ್ಟೀಲ್ (ಎದುರಿನವರಿಂದ ಕಿತ್ತುಕೊಂಡದ್ದು) ಸೇರಿಸಿ. ಅಸಿಸ್ಟ್ ಎಲ್ಲಕ್ಕಿಂತ ಕೊನೆಗೆ.