ನಿರ್ಜೀವ ಜನನ: ತಡೆಗೆ ದನಿ ಎತ್ತುವ, ನೊಂದವರ ಜೊತೆ ನಿಲ್ಲುವ ಸ್ವಯಂಸೇವಕರಿಗೆ

ಗರ್ಭಕ್ಕೆ 28 ವಾರ ತುಂಬಿದ ಮೇಲೆ ಜೀವದ ಯಾವ ಲಕ್ಷಣವೂ ಇಲ್ಲದೆ ಮಗು ಹುಟ್ಟಿದರೆ, ದೇಶದೇಶಗಳ ಅಂಕಿಗಳನ್ನು ಹೋಲಿಸುವ ಸಲುವಾಗಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನಿರ್ಜೀವ ಜನನವೆಂದು ಪರಿಗಣಿಸುತ್ತದೆ. ಇನ್ನೂ ಮುಂಚಿನ ವಾರಗಳಿಂದಲೇ ಎಣಿಸುವ ದೇಶಗಳೂ ಇವೆ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2021ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಮಕ್ಕಳು ಹೀಗೆ ತೀರಿಕೊಂಡರು. ಇಂಥ ಸಾವುಗಳಲ್ಲಿ ಶೇ. 40ಕ್ಕೂ ಹೆಚ್ಚು ಸಂಭವಿಸುವುದು ಹೆರಿಗೆ ನೋವು ಆರಂಭವಾದ ಮೇಲೆ. ಹೆರಿಗೆಯ ಸಮಯದಲ್ಲಿ ಮಗುವಿನ ಎದೆಬಡಿತವನ್ನು ಕ್ರಮವಾಗಿ ಗಮನಿಸಿ, ಅಗತ್ಯ ಬಿದ್ದಾಗ ತಡವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವ ವ್ಯವಸ್ಥೆಯಿದ್ದರೆ ಆ ಮಕ್ಕಳಲ್ಲಿ ಬಹುಪಾಲು ಉಳಿಯುತ್ತಿದ್ದರು. ಸ್ವಯಂಸೇವಕರ ಕೆಲಸಕ್ಕೆ ಅರ್ಥವಿರುವುದು ಈ ಕಾರಣಕ್ಕೇ.

ಗುಂಪು ಕಟ್ಟುವಾಗ ಮೊದಲು ನೋಡಬೇಕಾದದ್ದು, ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿ ಯಾರಿದ್ದಾರೆ ಎಂಬುದನ್ನು. ಮಗುವನ್ನು ಕಳೆದುಕೊಂಡ ತಂದೆತಾಯಂದಿರನ್ನು ವೇದಿಕೆಯ ಮೇಲೆ ಮಾತನಾಡಿಸಿ, ಏನು ಕೇಳಬೇಕೆಂಬುದನ್ನು ಬೇರೆಯವರು ನಿರ್ಧರಿಸುವ ಗುಂಪುಗಳು ಹೆಚ್ಚು ಕಾಲ ವಿಶ್ವಾಸ ಉಳಿಸಿಕೊಳ್ಳಲಾರವು. ಅವರೇ ಗುಂಪಿನ ದಿಕ್ಕನ್ನು ನಿಶ್ಚಯಿಸಲಿ. ವೈದ್ಯಕೀಯ ವಿಷಯಗಳನ್ನು ಪರಿಶೀಲಿಸಲು ಒಬ್ಬ ಪ್ರಸೂತಿ ತಜ್ಞರೋ ಅನುಭವಿ ಶುಶ್ರೂಷಕಿಯೋ ಜೊತೆಗಿರಲಿ. ಇತ್ತೀಚೆಗಷ್ಟೇ ಮಗುವನ್ನು ಕಳೆದುಕೊಂಡವರು ಸಹಾಯ ಕೇಳಿ ಬಂದಾಗ ಅವರ ಮೇಲೆ ಯಾವ ಕೆಲಸದ ಹೊಣೆಯನ್ನೂ ಹೊರಿಸಬಾರದು. ಅವರು ಮುಂದೆ ಎಂದಾದರೂ ತಾವಾಗಿಯೇ ಸೇರಬಹುದು, ಸೇರದೆಯೂ ಇರಬಹುದು.

ನೊಂದವರ ಜೊತೆ ನಿಲ್ಲುವುದು

ಈ ಭಾಗಕ್ಕೆ ತರಬೇತಿ ಬೇಕೇ ಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಆಡಿದ ಮಾತೇ ಎಷ್ಟೋ ಸಲ ಹೆಚ್ಚು ನೋಯಿಸುತ್ತದೆ. ‘ಇನ್ನೂ ಚಿಕ್ಕ ವಯಸ್ಸು, ಮತ್ತೊಂದು ಮಗು ಆಗುತ್ತದೆ’, ‘ಎತ್ತಿ ಆಡಿಸುವ ಮೊದಲೇ ಹೋಯಿತಲ್ಲ, ಅಷ್ಟು ಹಚ್ಚಿಕೊಂಡಿರಲಿಲ್ಲ’, ‘ಎಲ್ಲವೂ ಒಳ್ಳೆಯದಕ್ಕೇ’ ಎಂಬ ಮಾತುಗಳು ಆ ಮಗು ಇದ್ದದ್ದನ್ನೇ ಅಳಿಸಿಹಾಕುತ್ತವೆ. ‘ನಿಮ್ಮ ಮಗುವಿನ ವಿಷಯ ಕೇಳಿ ತುಂಬಾ ದುಃಖವಾಯಿತು, ಹೆಸರಿಟ್ಟಿದ್ದೀರಾ?’ ಎಂದಿಷ್ಟು ಕೇಳಿ ಸುಮ್ಮನೆ ಕುಳಿತರೂ ಸಾಕು. ಹೆಸರು ಹೇಳಿದರೆ ಆಮೇಲೆ ಆ ಹೆಸರಿನಿಂದಲೇ ಮಗುವಿನ ಬಗ್ಗೆ ಮಾತನಾಡಬೇಕು.

ಆಸ್ಪತ್ರೆಯಲ್ಲಿರುವ ಕುಟುಂಬಕ್ಕೆ ಮೊದಲ ಕೆಲವು ಗಂಟೆಗಳಲ್ಲೇ ಮತ್ತೆ ಸಿಗದಂಥ ಅವಕಾಶಗಳು ಎದುರಾಗುತ್ತವೆ: ಮಗುವನ್ನು ನೋಡುವುದು, ಎತ್ತಿಕೊಳ್ಳುವುದು, ಅಂಗೈ ಅಂಗಾಲುಗಳ ಅಚ್ಚು, ಒಂದು ಕೂದಲೆಳೆ, ಒಂದು ಫೋಟೋ. ಇವುಗಳಲ್ಲಿ ಯಾವುದನ್ನೂ ಬಲವಂತ ಮಾಡಬಾರದು. ಹಾಗೆಯೇ ಆಘಾತದಲ್ಲಿ ಮೊದಲ ಸಲ ‘ಬೇಡ’ ಎಂದ ತಾಯಿಗೆ ಸ್ವಲ್ಪ ಹೊತ್ತಿನ ನಂತರ ಇನ್ನೊಮ್ಮೆ ಮೃದುವಾಗಿ ಕೇಳುವುದನ್ನೂ ಮರೆಯಬಾರದು. ತಾಯಿಯ ಪರವಾಗಿ ಬಂಧುಗಳು ‘ಅವಳಿಗೆ ತೋರಿಸಬೇಡಿ’ ಎಂದು ನಿರ್ಧರಿಸಿಬಿಡುವುದುಂಟು, ಕೇಳಬೇಕಾದದ್ದು ಅವಳನ್ನೇ. ಮನೆಗೆ ಹೋದ ಮೇಲೆ ಎದೆಹಾಲು ಬರುತ್ತದೆ ಎಂಬುದನ್ನು ಮುಂಚೆಯೇ ಹೇಳುವವರು ಯಾರೂ ಇಲ್ಲದಿದ್ದರೆ ಆ ದಿನ ಅವಳಿಗೆ ಅಸಹನೀಯವಾಗುತ್ತದೆ. ಆದುದರಿಂದ ಹಾಲು ಕಟ್ಟುವ ನೋವಿಗೆ ಏನು ಮಾಡಬಹುದು, ಹಾಲು ನಿಲ್ಲಿಸುವ ಔಷಧ ಅವಳಿಗೆ ಸರಿಹೊಂದುತ್ತದೆಯೇ ಎಂದು ಬಿಡುಗಡೆಗೆ ಮುಂಚೆಯೇ ವೈದ್ಯರನ್ನು ಕೇಳಿಸಬೇಕು. ಅವಳೂ ಬಾಣಂತಿಯೇ; ರಕ್ತಸ್ರಾವ, ಜ್ವರ, ವಿಶ್ರಾಂತಿಗಳ ಆರೈಕೆ ಅವಳಿಗೂ ಅಷ್ಟೇ ಬೇಕು. ತಂದೆಯ ದುಃಖವನ್ನು ಮಾತ್ರ ಹೆಚ್ಚಿನವರು ಕೇಳುವುದೇ ಇಲ್ಲ. ‘ಅವಳು ಹೇಗಿದ್ದಾಳೆ?’ ಎಂದು ಎಲ್ಲರೂ ಅವನನ್ನು ವಿಚಾರಿಸುವಾಗ, ‘ನೀವು ಹೇಗಿದ್ದೀರಿ?’ ಎಂದು ಒಬ್ಬರಾದರೂ ಕೇಳಬೇಕು.

‘ಇದು ನನ್ನಿಂದಲೇ ಆಯಿತೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸ್ವಯಂಸೇವಕರು ವೈದ್ಯಕೀಯ ಕಾರಣವನ್ನು ಊಹಿಸಿ ಹೇಳಕೂಡದು. ವೈದ್ಯರನ್ನು ಏನೇನು ಕೇಳಬೇಕೆಂದು ಬರೆದುಕೊಳ್ಳಲು ನೆರವಾಗಬಹುದು: ಮಾಸಿನ ಪರೀಕ್ಷೆ ಮಾಡುತ್ತಾರೆಯೇ, ಮರಣೋತ್ತರ ಪರೀಕ್ಷೆಯಿಂದ ಏನು ತಿಳಿಯಬಹುದು, ವರದಿ ಬಂದ ಮೇಲೆ ಕುಳಿತು ವಿವರಿಸುವವರು ಯಾರು, ಮುಂದಿನ ಬಸಿರಿನಲ್ಲಿ ಏನು ಬದಲಾಗಬೇಕು. ಎಲ್ಲ ಪರೀಕ್ಷೆಗಳ ನಂತರವೂ ಕಾರಣ ತಿಳಿಯದೆ ಉಳಿಯಬಹುದೆಂಬುದನ್ನೂ ಅವರು ಮೊದಲೇ ತಿಳಿದಿರುವುದು ಒಳ್ಳೆಯದು. ಬದುಕುವ ಇಚ್ಛೆಯೇ ಇಲ್ಲವೆಂಬ ಮಾತು ಬಂದರೆ ಗುಂಪಿನ ಸಮಾಧಾನ ಸಾಲದು. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಮಾನಸಿಕ ಆರೋಗ್ಯ ತಜ್ಞರ ಬಳಿಗೆ ಕರೆದೊಯ್ಯಬೇಕು.

ತಡೆಗಟ್ಟುವ ತಿಳಿವಳಿಕೆ

ಗರ್ಭಿಣಿಯರಿಗೆ ತಲುಪಲೇಬೇಕಾದ ಮಾತುಗಳಲ್ಲಿ ಮಗುವಿನ ಮಿಸುಕಾಟದ ವಿಷಯವನ್ನು ನಾನು ಮೊದಲಿಗಿಡುತ್ತೇನೆ. ದಿನ ತುಂಬುತ್ತಾ ಬಂದಂತೆ ಮಗು ಮಿಸುಕುವುದು ಕಡಿಮೆಯಾಗುತ್ತದೆ ಎಂಬ ನಂಬಿಕೆ ತಪ್ಪು. ಆರೋಗ್ಯವಂತ ಮಗು ಹೆರಿಗೆಯವರೆಗೂ ತನ್ನ ಅಭ್ಯಾಸದಂತೆ ಮಿಸುಕುತ್ತಲೇ ಇರುತ್ತದೆ. ಎಲ್ಲರಿಗೂ ಒಪ್ಪುವ ಒಂದು ಎಣಿಕೆಯಿಲ್ಲ. ತಾಯಿಗೆ ತನ್ನ ಮಗುವಿನ ರೂಢಿ ಗೊತ್ತಿರುತ್ತದೆ, ಅದು ಕಡಿಮೆಯಾಯಿತು ಅಥವಾ ಬದಲಾಯಿತು ಎನಿಸಿದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ಯಂತ್ರವನ್ನು ಮನೆಯಲ್ಲಿಟ್ಟುಕೊಂಡು, ಅದರಲ್ಲಿ ಬಡಿತ ಕೇಳಿಸಿತೆಂದು ನಿಶ್ಚಿಂತರಾಗುವುದು ಅಪಾಯಕರ, ಏಕೆಂದರೆ ತಾಯಿಯ ನಾಡಿಯನ್ನೇ ಮಗುವಿನ ಬಡಿತವೆಂದು ತಿಳಿಯುವ ಸಾಧ್ಯತೆಯಿದೆ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ರಕ್ತಸ್ರಾವ, ನೀರು ಹೋಗುವುದು, ಅಂಗೈ ಅಂಗಾಲುಗಳ ವಿಪರೀತ ತುರಿಕೆ ಇವೂ ಕಾಯುವಂಥವಲ್ಲ. ರಕ್ತದೊತ್ತಡ, ಸಕ್ಕರೆ ಮತ್ತು ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು) ಪರೀಕ್ಷೆ, ಮಗುವಿನ ಬೆಳವಣಿಗೆಯ ಅಳತೆ, ಧೂಮಪಾನ ಬಿಡುವುದು, 28 ವಾರಗಳ ನಂತರ ಮಗ್ಗುಲಾಗಿ ಮಲಗುವುದು, ಇವುಗಳ ಮಾತು ಆಮೇಲೆ ಬರಲಿ. ಈ ತಿಳಿವಳಿಕೆಯನ್ನು ಈಗಾಗಲೇ ಮಗುವನ್ನು ಕಳೆದುಕೊಂಡ ತಾಯಿ ಕೂಡ ಓದುತ್ತಾಳೆ, ಆದ್ದರಿಂದ ಪ್ರತಿ ವಾಕ್ಯವನ್ನೂ ಅವಳ ಕಣ್ಣಿನಿಂದ ಒಮ್ಮೆ ಓದಿ ನೋಡಬೇಕು. ಅವಳ ಮೇಲೆ ತಪ್ಪು ಹೊರಿಸುವ ಸಾಲು ಇದ್ದರೆ ತೆಗೆಯಬೇಕು.

ಬದಲಾವಣೆಗಾಗಿ ಕೇಳುವುದು

‘ನಿರ್ಜೀವ ಜನನಗಳು ನಿಲ್ಲಲಿ’ ಎಂದು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ, ಯಾರೂ ಏನೂ ಮಾಡುವುದೂ ಇಲ್ಲ. ಒಂದು ಸಲಕ್ಕೆ ಒಂದೇ ಬೇಡಿಕೆ ಇಟ್ಟುಕೊಳ್ಳಿ, ಅದು ಆಯಿತೋ ಇಲ್ಲವೋ ಎಂದು ಹೊರಗಿನವರೂ ನೋಡಿ ಹೇಳುವಷ್ಟು ಸ್ಪಷ್ಟವಾಗಿರಲಿ: ಮಗು ತೀರಿಕೊಂಡ ತಾಯಿಗೆ ಹಸುಗೂಸುಗಳ ಅಳು ಕೇಳಿಸದ ಪ್ರತ್ಯೇಕ ಕೋಣೆ, ಮಿಸುಕಾಟ ಕಡಿಮೆಯಾಯಿತೆಂದು ಬಂದವರನ್ನು ಹಗಲು ರಾತ್ರಿ ಎನ್ನದೆ ಕೂಡಲೇ ನೋಡುವ ನಿಯಮ, ಪ್ರತಿ ಸಾವು ಏಕಾಯಿತೆಂದು ಪರಿಶೀಲಿಸುವ ವಿಮರ್ಶೆ. ಅದನ್ನು ಮಂಜೂರು ಮಾಡುವ ಅಧಿಕಾರ ಯಾರಿಗಿದೆ, ಈಗಿರುವ ನಿಯಮ ಏನು ಹೇಳುತ್ತದೆ ಎಂದು ತಿಳಿದುಕೊಂಡು, ಒಂದು ಪುಟದ ಮನವಿ ಬರೆದು, ಇಬ್ಬರು ಹೋಗಿ ಭೇಟಿಯಾಗಿ. ಒಪ್ಪಿಕೊಂಡ ಮಾತನ್ನು ಅಂದೇ ಪತ್ರದ ಮೂಲಕ ದಾಖಲಿಸಿ.

ಎಣಿಕೆಯೇ ಒಂದು ದೊಡ್ಡ ಬೇಡಿಕೆಯಾಗಬಹುದು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನವಜಾತ ಶಿಶುಮರಣಕ್ಕೆ ಮಿತಿಯಿದೆ, ನಿರ್ಜೀವ ಜನನಕ್ಕೆ ಇಲ್ಲ. ಆ ಕೊರತೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮುನ್ನಡೆಸಿದ 2014ರ ‘ಪ್ರತಿ ನವಜಾತ ಶಿಶು’ ಕ್ರಿಯಾಯೋಜನೆ ತುಂಬಿ, 2030ರೊಳಗೆ ಪ್ರತಿ ದೇಶದಲ್ಲೂ 1000 ಜನನಗಳಿಗೆ 12 ಅಥವಾ ಅದಕ್ಕಿಂತ ಕಡಿಮೆ ಎಂಬ ಗುರಿಯಿಟ್ಟಿತು. ಒಟ್ಟು ಸಂಖ್ಯೆಯ ಜೊತೆಗೆ, ಸಾವು ಹೆರಿಗೆಗೆ ಮುಂಚೆ ಆಯಿತೋ ಹೆರಿಗೆಯ ವೇಳೆಯಲ್ಲೋ ಎಂಬುದನ್ನೂ ದಾಖಲಿಸಬೇಕೆಂದು ಕೇಳಿ, ಏಕೆಂದರೆ ಎರಡಕ್ಕೂ ಪರಿಹಾರ ಬೇರೆ. ಸಾವುಗಳನ್ನು ಹೇಗೆ ವಿಮರ್ಶಿಸಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ 2016ರಿಂದ ಲಭ್ಯವಿದೆ. ವಿಮರ್ಶೆಯೇ ಸಿಬ್ಬಂದಿಯನ್ನು ಶಿಕ್ಷಿಸುವ ಸಭೆಯಾದರೆ ಮುಂದಿನ ಸಲ ದಾಖಲೆಯೇ ಸರಿಯಾಗಿ ಸಿಗುವುದಿಲ್ಲ. ಆದರೆ ಆ ಕಾರಣ ಹೇಳಿ ಕುಟುಂಬದಿಂದ ಸತ್ಯವನ್ನು ಮುಚ್ಚಿಡುವುದನ್ನೂ ಒಪ್ಪಬೇಡಿ.

ಮನವಿಗೆ ಒಬ್ಬ ತಾಯಿಯ ಅನುಭವ ಬಲ ಕೊಡುತ್ತದೆ, ಆದರೆ ಆ ಅನುಭವ ಅವಳದು. ಎಲ್ಲಿ, ಯಾರ ಮುಂದೆ, ಎಷ್ಟು ಕಾಲ ಬಳಕೆಯಾಗುತ್ತದೆಂದು ತಿಳಿಸಿ ಒಪ್ಪಿಗೆ ಪಡೆಯಿರಿ. ಮನಸ್ಸು ಬದಲಾಯಿಸಿದರೆ ಕಾರಣ ಕೇಳದೆ ಹಿಂತೆಗೆಯಿರಿ. ಮಗುವಿನ ಫೋಟೋ ಬಳಸಲು ಪ್ರತ್ಯೇಕ ಒಪ್ಪಿಗೆ ಬೇಕು. ಮಾತನಾಡಿದ ದಿನ ಜೊತೆಗೊಬ್ಬರು ಇರಲಿ, ಮರುದಿನ ಒಬ್ಬರು ವಿಚಾರಿಸಲಿ. ಗರ್ಭನಷ್ಟ ಮತ್ತು ಶಿಶುನಷ್ಟದ ಸ್ಮರಣೆಯ ದಿನವಾದ ಅಕ್ಟೋಬರ್ 15 ಸಾರ್ವಜನಿಕ ಸಭೆಗೆ ಅನುಕೂಲಕರ.

ದಿನವೂ ಇಂಥ ದುಃಖ ಕೇಳುವ ಸ್ವಯಂಸೇವಕರಿಗೂ ತಮ್ಮ ಮನಸ್ಸನ್ನು ಹೇಳಿಕೊಳ್ಳಲು ನಿಗದಿತ ವೇಳೆ ಮತ್ತು ಬಿಡುವು ಇರಬೇಕು. ಬೇಡಿಕೆ ಒಪ್ಪಿಗೆಯಾದ ಮೇಲೆ ಕೆಲಸ ಮುಗಿಯಿತೆಂದು ಬಿಡಬೇಡಿ: ಕೆಲವು ತಿಂಗಳ ನಂತರ ಅನುಮತಿ ಪಡೆದು ರಾತ್ರಿ ಪಾಳಿಯ ಸಮಯದಲ್ಲೇ ಆಸ್ಪತ್ರೆಗೆ ಹೋಗಿ, ಆ ಕೋಣೆ ನಿಜವಾಗಿ ತಾಯಂದಿರಿಗೆ ಸಿಗುತ್ತಿದೆಯೇ, ಹೊಸದಾಗಿ ಸೇರಿದ ದಾದಿಗೆ ಆ ನಿಯಮ ಗೊತ್ತಿದೆಯೇ ಎಂದು ವಿಚಾರಿಸಿ, ಇಲ್ಲವಾದರೆ ಅದೇ ಅಧಿಕಾರಿಗೆ ಮತ್ತೆ ಬರೆಯಿರಿ.